ಬರಗಾಲದ ವಿನಾಯಿತಿಗೆ ಕೊನೆಯ ದಿನಾಂಕ ಇರಲಿ: ನಿಟ್ಟೂರು ಹೋಬಳಿಯ ಮನವಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ, ತುಮಕೂರು.

ಇವರಿಂದ:
ನಿಟ್ಟೂರು ಹೋಬಳಿಯ ರೈತರು ಮತ್ತು ಗ್ರಾಮಸ್ಥರು, ಗುಬ್ಬಿ ತಾಲ್ಲೂಕು.

ವಿಷಯ: ಕೆರೆ ಮತ್ತು ಅಂತರ್ಜಲ ರಕ್ಷಣೆಯ ನಿಯಮಗಳಿಗೆ ನೀಡುವ ತುರ್ತು ವಿನಾಯಿತಿಗೆ ಅವಧಿ ಗೊತ್ತುಪಡಿಸುವ ಬಗ್ಗೆ.

ಮಾನ್ಯರೇ,

ಬರ ಬಂದಾಗ ಜನ, ಜಾನುವಾರುಗಳಿಗೆ ಕುಡಿಯುವ ನೀರೇ ಮೊದಲು. ಅದಕ್ಕಾಗಿ ನಿಯಮ ಸಡಿಲಿಸಿದರೆ ನಮ್ಮ ತಕರಾರಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದ ಕಾಲದ ಕಷ್ಟ ನಮಗೆ ಗೊತ್ತಿದೆ. ಆದರೆ ಅವಸರದಲ್ಲಿ ಕೊಟ್ಟ ವಿನಾಯಿತಿಯನ್ನು ಮಳೆ ಬಂದ ಮೇಲೆ ಯಾರೂ ಹಿಂಪಡೆಯುವುದಿಲ್ಲ. ನಮ್ಮ ಅಳಲು ಇದೇ.

ಕೆರೆಯಂಗಳದಲ್ಲಿ ತುರ್ತಿಗೆಂದು ಕೊರೆದ ಕೊಳವೆಬಾವಿಯ ಮೋಟಾರು ಕೋಡಿ ಬಿದ್ದ ವರ್ಷವೂ ಓಡುತ್ತದೆ. ಕೇಸಿಂಗ್ ಪೈಪಿನ ಸುತ್ತ ಸಿಮೆಂಟು ತುಂಬಿರುವುದಿಲ್ಲ. ಕೆರೆ ತುಂಬಿದೊಡನೆ ಕೊಳೆನೀರು ಪೈಪಿನ ಮಗ್ಗುಲಲ್ಲೇ ಇಳಿದು ಕುಡಿಯುವ ನೀರಿಗೆ ಸೇರುತ್ತದೆ. ಹೂಳೆತ್ತುವ ಹೆಸರಿನಲ್ಲಿ ಏರಿಯ ಬುಡದ ಮಣ್ಣನ್ನೇ ಬಗೆದು ಸಾಗಿಸುತ್ತಾರೆ. ಏರಿ ಸಡಿಲವಾಗುತ್ತದೆ, ಗುಂಡಿ ಹಾಗೇ ಬಾಯ್ದೆರೆದುಕೊಂಡಿರುತ್ತದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ಕೊರೆಯಬಾರದೆಂದು ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದೇ ಇರುವ ರಾಜ್ಯದ 1999ರ ಅಂತರ್ಜಲ ಕಾಯ್ದೆಯೇ ಹೇಳುತ್ತದೆ. ಬೇಸಿಗೆಯಲ್ಲಿ ಆ ಅಂತರವನ್ನು ಅಳೆಯುವವರೇ ಇಲ್ಲ.

ಕುಡಿಯುವ ನೀರಿನ ಹೆಸರಿನಲ್ಲಿ ನಿಯಮದಿಂದ ವಿನಾಯಿತಿ ಸಿಗುವುದು ದೊಡ್ಡ ಯೋಜನೆಗಳಲ್ಲೂ ಇದೆ. ನಮ್ಮ ಜಿಲ್ಲೆಯನ್ನೂ ಹಾದುಹೋಗುವ, 24.01 ಟಿಎಂಸಿ ಅಡಿ ನೀರಿನ ಎತ್ತಿನಹೊಳೆ ಯೋಜನೆಯಲ್ಲಿ ಕೆರೆ ತುಂಬಿಸುವ ನೀರಿನ ಪಾಲೂ ಇದೆ. ಆದರೂ ಅದು ಕುಡಿಯುವ ನೀರಿನ ಯೋಜನೆ ಎಂಬ ಕಾರಣಕ್ಕೆ ಕೇಂದ್ರದ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪೂರ್ವಾನುಮತಿಯಿಂದ ಹೊರಗುಳಿಯಿತು. ಯೋಜನೆಯನ್ನು ವಿರೋಧಿಸಿದ ಅರ್ಜಿಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ವಜಾ ಮಾಡಿತು. ಆ ನೀರು ಬೇಡವೆನ್ನುವವರು ನಾವಲ್ಲ. ಅದರ ತೀರ್ಮಾನ ತಮ್ಮ ಕೈಯಲ್ಲಿಲ್ಲವೆಂದೂ ಬಲ್ಲೆವು. ಹೋಬಳಿ ಮಟ್ಟದ ವಿನಾಯಿತಿ ಮಾತ್ರ ತಮ್ಮ ಕೈಯಲ್ಲಿದೆ.

ವಿನಾಯಿತಿಗೆ ಅವಧಿ ಹಾಕುವುದು ಹೊಸದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೀರಿನ ಪರವಾನಗಿಯ ಷರತ್ತನ್ನು ತುರ್ತಾಗಿ ಬದಲಿಸಿದರೆ, ನವೀಕರಿಸದ ಹೊರತು ಆ ಆದೇಶ 180 ದಿನಕ್ಕೆ ತಾನಾಗಿಯೇ ರದ್ದಾಗುತ್ತದೆ. 2015ರ ಬರದಲ್ಲಿ ಉಪ್ಪುನೀರು ಒಳನುಗ್ಗದಂತೆ ಅಲ್ಲಿನ ಕವಲುಹೊಳೆಯೊಂದಕ್ಕೆ ಹಾಕಿದ್ದ ಕಲ್ಲಿನ ತಡೆಯನ್ನು ಅದೇ ವರ್ಷ ತೆಗೆಸಿದರು. ನಮ್ಮಲ್ಲೂ ಇದು ಸಾಧ್ಯ.

ಆದ್ದರಿಂದ ನಮ್ಮ ಬೇಡಿಕೆಗಳಿವು. ಪ್ರತಿಯೊಂದು ತುರ್ತು ವಿನಾಯಿತಿಯೂ ಲಿಖಿತ ಆದೇಶವಾಗಿರಬೇಕು. ಅದರಲ್ಲಿ ಸರ್ವೆ ನಂಬರ್, ಉದ್ದೇಶ, ಕೊಳವೆಬಾವಿಯ ಆಳ, ಮೋಟಾರು ಓಡಿಸುವ ಗಂಟೆಗಳು ಮತ್ತು 180 ದಿನ ಮೀರದ ಕೊನೆಯ ದಿನಾಂಕ ಇರಬೇಕು. ಆದೇಶದ ಪ್ರತಿಯನ್ನು ಅದೇ ವಾರ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಬೇಕು. ಅವಧಿ ಮುಗಿದ ದಿನ ಮೋಟಾರು ಎತ್ತಿ, ಬಾವಿಯ ಬಾಯಿಗೆ ಕ್ಯಾಪ್ ಹಾಕಿ, ಮುಂದಿನ ಬರಕ್ಕೆಂದು ಪಂಚಾಯಿತಿ ವಶಕ್ಕೆ ಕೊಡಬೇಕು. ಮುಂದುವರಿಸಲೇಬೇಕಾದರೆ ಹೊಸದಾಗಿ ಸ್ಥಳ ಪರಿಶೀಲನೆ ನಡೆಯಲಿ.

ಕೊರೆಯುವ ಮುನ್ನ ಸುತ್ತಲಿನ ಬಾವಿಗಳ ಇಳುವರಿ ಅಳೆದು ಬರೆದಿಡಬೇಕು. ಆಮೇಲೆ ಅವು ಬತ್ತಿದರೆ ಪರಿಹಾರ ಸಿಗಬೇಕು. ಏರಿಯ ಬುಡದ ಗುಂಡಿ ಮುಚ್ಚಿ, ಗ್ರಾಮಸಭೆ ಒಪ್ಪಿದ ಮೇಲೆಯೇ ಗುತ್ತಿಗೆದಾರರ ಕೊನೆಯ ಬಿಲ್ ಪಾವತಿಯಾಗಲಿ.

ಕಡಬ ಕೆರೆಯಿಂದ ಹಿಡಿದು ಊರೂರಿನ ಸಣ್ಣ ಕಟ್ಟೆಗಳವರೆಗೆ, 2023ರಿಂದೀಚೆಗೆ ತುರ್ತಿನ ಹೆಸರಿನಲ್ಲಿ ನಡೆದ ಕಾಮಗಾರಿಗಳ ಪಟ್ಟಿಯನ್ನು 30 ದಿನದೊಳಗೆ ಪ್ರಕಟಿಸಬೇಕು. ಅದರಲ್ಲಿ ಯಾವುದು ಇಂದಿಗೂ ನಡೆಯುತ್ತಿದೆ ಎಂಬುದನ್ನು ತಾಲ್ಲೂಕು ಆಡಳಿತ ಸ್ಥಳಕ್ಕೆ ಬಂದು, ನಮ್ಮೆದುರಿನಲ್ಲೇ ಪರಿಶೀಲಿಸಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು,
ನಿಟ್ಟೂರು ಹೋಬಳಿಯ ರೈತರು ಮತ್ತು ಗ್ರಾಮಸ್ಥರು