ಹೊಸ ಒಡಂಬಡಿಕೆ ರಿಯಾಯಿತಿಯಲ್ಲ

ಬೈಬಲಿನ ಹಳೆಯ ಒಡಂಬಡಿಕೆಯ ದೇವರು ಉಗ್ರ, ಹೊಸದರ ದೇವರು ಕರುಣಾಳು, ಕ್ರಿಸ್ತ ಬಂದಮೇಲೆ ಕಟ್ಟಳೆಗಳ ಕಾಟ ತಪ್ಪಿತು ಎನ್ನುವವರು ಬಹಳ. ಕೇಳಲು ಹಿತ, ಆದರೆ ಪೊಳ್ಳು. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬ ಕ್ರೈಸ್ತ ಬೋಧಕ ಇದನ್ನೇ ಸಿದ್ಧಾಂತ ಮಾಡಿ ಯೆಹೂದ್ಯರ ಗ್ರಂಥಗಳನ್ನೆಲ್ಲ ತಳ್ಳಿಹಾಕಿದ. ರೋಮಿನ ಸಭೆ ಅವನನ್ನೇ ಹೊರಹಾಕಿತು.

ಹೊಸ ಒಡಂಬಡಿಕೆಯ ಭರವಸೆ ಹುಟ್ಟಿದ್ದೇ ಆ 'ಹಳೆಯ' ಗ್ರಂಥದಲ್ಲಿ. ಯೆರೂಸಲೇಮ್ ಬಾಬಿಲೋನಿನವರ ಪಾಲಾದ ಕಾಲದ ಪ್ರವಾದಿ ಯೆರೆಮೀಯ. ಅವನ ಗ್ರಂಥದ 31ನೇ ಅಧ್ಯಾಯದಲ್ಲಿ ಅದಿದೆ. ಸೀನಾಯಿ ಬೆಟ್ಟದಲ್ಲಿ ಕಲ್ಲಿನ ಹಲಗೆಗಳ ಮೇಲೆ ಕಟ್ಟಳೆ ಬರೆದುಕೊಟ್ಟು ದೇವರು ಮಾಡಿದ ಒಡಂಬಡಿಕೆಯನ್ನು ಜನ ಮುರಿದರು. ಇನ್ನು ದೇವರು ಅವರ ಪಾಪವನ್ನು ಕ್ಷಮಿಸಿ ತನ್ನ ಧರ್ಮಶಾಸ್ತ್ರವನ್ನು ಅವರ ಹೃದಯದಲ್ಲೇ ಬರೆಯುತ್ತಾನೆ. ಶಾಸ್ತ್ರ ರದ್ದಾಗಲಿಲ್ಲ, ಒಳಗೆ ಬಂತು. ಕಲ್ಲಿನ ಮೇಲಿದ್ದದ್ದರ ಕಣ್ಣು ತಪ್ಪಿಸಬಹುದಿತ್ತು. ಎದೆಯೊಳಗಿನದರಿಂದ ಎಲ್ಲಿಗೆ ಓಡುವುದು?

ಬೈಬಲಿನಲ್ಲೇ ಇರುವ, ಇಬ್ರಿಯರಿಗೆ ಬರೆದ ಪತ್ರಿಕೆ ಆ ಮೊದಲ ಒಡಂಬಡಿಕೆಯನ್ನು ಹಳತಾಯಿತೆಂದೇ ಕರೆಯುತ್ತದಲ್ಲ ಎನ್ನಬಹುದು. ತೂಕದ ಆಕ್ಷೇಪವೇ. ಆದರೆ ಮುಂದಿನ ಅಧ್ಯಾಯಗಳಲ್ಲಿ ಮುಗಿಯಿತೆನಿಸಿಕೊಳ್ಳುವುದು ವರ್ಷವರ್ಷವೂ ನಡೆಯುತ್ತಿದ್ದ ಪಶುಬಲಿ, ನೀತಿಯಲ್ಲ. ಕ್ರಿಸ್ತನ ಒಂದೇ ಬಲಿ ಸಾಕು ಎಂಬುದು ಅಲ್ಲಿನ ವಾದ. ಯೆಹೂದ್ಯರ ಆಕ್ಷೇಪ ಇನ್ನೂ ಗಟ್ಟಿ: ಯೆರೆಮೀಯನ ಮಾತು ಇಸ್ರಾಯೇಲ್ ಮತ್ತು ಯೆಹೂದ ವಂಶಗಳಿಗೆ ಹೇಳಿದ್ದು. ನಿಜ. ದೇವರು ಇಸ್ರಾಯೇಲಿಗೆ ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ ಎಂದು ರೋಮ್‌ನವರಿಗೆ ಬರೆದ ಪತ್ರಿಕೆಯಲ್ಲಿ ಅಪೊಸ್ತಲ ಪೌಲನೇ ಹೇಳುತ್ತಾನೆ; 1965ರಲ್ಲಿ ಕ್ಯಾಥೊಲಿಕ್ ಸಭೆಯ ಎರಡನೇ ವ್ಯಾಟಿಕನ್ ಮಹಾಸಭೆಯೂ ಆ ಮಾತನ್ನು ಆಧರಿಸಿತು. ಯೆಹೂದ್ಯರಲ್ಲದ ಅನ್ಯಜನರು ಆ ಭರವಸೆಯಲ್ಲಿ ಪಾಲುಗೊಂಡವರು, ಕಸಿದುಕೊಂಡವರಲ್ಲ.

ಶಿಷ್ಯರೊಂದಿಗಿನ ಕೊನೆಯ ಭೋಜನದಲ್ಲಿ ಯೇಸು ಪಾತ್ರೆ ಹಿಡಿದು ತನ್ನ ರಕ್ತದಲ್ಲಾಗುವ ಹೊಸ ಒಡಂಬಡಿಕೆಯ ಮಾತಾಡಿದ್ದು ಕ್ರೈಸ್ತರಿಗೆಲ್ಲ ಗೊತ್ತು. ಅದು ಬರಹದಲ್ಲಿ ಸಿಗುವುದು ಸುವಾರ್ತೆಗಳಿಗಿಂತ ಮೊದಲೇ, ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರಿಕೆಯಲ್ಲಿ. ಯಾವ ಸಂದರ್ಭದಲ್ಲಿ? ಛೀಮಾರಿ ಹಾಕುವಾಗ! ಸಭೆ ಕೂಡಿದಾಗ ಉಳ್ಳವರು ಕಾಯದೆ ತಾವೇ ಉಂಡು ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದುಕೊಂಡೇ ಇರುತ್ತಿದ್ದರು. ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಗದರಿಸುತ್ತಾನೆ. ಆ ಪಂಕ್ತಿಭೇದಕ್ಕೆ ಎದುರಾಗಿಯೇ ಅವನು ಆ ಪಾತ್ರೆಯನ್ನು ನೆನಪಿಸುವುದು. ಬಡವನ ಹಸಿವನ್ನು ಕಾಣದವನು ಆ ಪಾತ್ರೆ ಎತ್ತಿದರೆ ತನ್ನ ಮೇಲೆ ತೀರ್ಪನ್ನೇ ತಂದುಕೊಳ್ಳುತ್ತಾನೆ. ಇದೇನು ರಿಯಾಯಿತಿಯೇ?

ಇನ್ನು ಯಾರೂ ನೆರೆಯವನಿಗೆ ದೇವರನ್ನು ಅರಿತುಕೋ ಎಂದು ಬೋಧಿಸಬೇಕಾಗದು ಎಂದೂ ಯೆರೆಮೀಯ ಹೇಳಿದ್ದ. ಬೋಧನೆ ಇಂದಿಗೂ ನಿಂತಿಲ್ಲ. ಎಂದರೆ ಕ್ರೈಸ್ತ ನಂಬಿಕೆಯ ಲೆಕ್ಕದಲ್ಲೇ ಹೊಸ ಒಡಂಬಡಿಕೆ ಆರಂಭವಾಗಿದೆ, ಪೂರ್ಣವಾಗಿಲ್ಲ. ಕ್ಷಮೆ ಅದರ ಬುನಾದಿ. ಆ ಕ್ಷಮೆಯನ್ನು ವಿನಾಯಿತಿ ಎಂದು ಓದುವವರು ಯೆರೆಮೀಯನನ್ನೂ ಓದಿಲ್ಲ, ಪೌಲನನ್ನೂ ಓದಿಲ್ಲ.