ಬಾಂಡ್ ಪೇಪರಿನ ಸಹಿ ವಿಚ್ಛೇದನವಲ್ಲ

ನಮ್ಮವರ ಮದುವೆ ಸಂಬಂಧಗಳು ರಾಜ್ಯದ ಗಡಿ ನೋಡುವುದಿಲ್ಲ. ತುಡಿಯಲೂರಿನ ಮನೆಗೆ ಚಾಮರಾಜನಗರದಿಂದ ಸೊಸೆ ಬರುತ್ತಾಳೆ. ಸಂಸಾರ ಹೊಂದದಿದ್ದರೆ ಎರಡೂ ಕಡೆಯ ಹಿರಿಯರು ಕೂತು, ಒಡವೆ-ಪಾತ್ರೆ ಹಿಂದಿರುಗಿಸಿ, ಬಾಂಡ್ ಪೇಪರಿನ ಮೇಲೆ ಸಹಿ ಹಾಕಿಸಿ, ‘ಇಲ್ಲಿಗೆ ಮುಗಿಯಿತು’ ಎನ್ನುತ್ತಾರೆ. ಹಿರಿಯರ ರಾಜಿ ಬೇಕಾದದ್ದೇ. ಆದರೆ ಅಷ್ಟಕ್ಕೇ ಮದುವೆ ರದ್ದಾಗುವುದಿಲ್ಲ.

1955ರ ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಂ ರೂಢಿಯ ವಿಚ್ಛೇದನವನ್ನು ಉಳಿಸಿದೆ, ನಿಜ. ಆದರೆ ಆ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದಿದೆ ಎಂದು ಹೇಳುವವರೇ ಸಾಬೀತು ಮಾಡಬೇಕು. ಮಾಡಲಾಗದಿದ್ದರೆ ಮೊದಲ ಮದುವೆ ಹಾಗೆಯೇ ಉಳಿಯುತ್ತದೆ. ಆಮೇಲೆ ಆದ ಮದುವೆ ಅಸಿಂಧುವಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಶಿಕ್ಷೆಯೂ ಆಗಬಹುದು.

ಇಬ್ಬರೂ ಒಪ್ಪಿದ್ದರೆ ದಾರಿ ಸುಲಭ. ಒಂದು ವರ್ಷ ಬೇರೆಯಾಗಿದ್ದವರು 13ಬಿ ಕಲಂ ಅಡಿ ಜಂಟಿ ಅರ್ಜಿ ಹಾಕಬಹುದು. ನಂತರದ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಪ್ರಕರಣಗಳಲ್ಲಿ ಕೋರ್ಟು ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಹಿರಿಯರು ಮಾಡಿಸಿದ ರಾಜಿಯ ಷರತ್ತುಗಳನ್ನು ಇಲ್ಲಿಯೇ ಮುಂದಿಡಬಹುದು. 10ನೇ ಕಲಂನ ‘ನ್ಯಾಯಿಕ ಪ್ರತ್ಯೇಕತೆ’ ಬೇರೆ: ಜೊತೆಗೆ ಬಾಳಬೇಕಾದ ಕಟ್ಟುಪಾಡು ಇರುವುದಿಲ್ಲ, ಮದುವೆ ಮಾತ್ರ ಉಳಿದಿರುತ್ತದೆ.

ಹಾಗಾದರೆ ಯಾವ ಊರಿನ ಕೋರ್ಟು? ಮದುವೆಯಾದ ಊರು, ಎದುರು ಪಕ್ಷದವರು ಇರುವ ಊರು, ಕೊನೆಯದಾಗಿ ಒಟ್ಟಿಗೆ ಬಾಳಿದ ಊರು, ಇವುಗಳಲ್ಲಿ ಯಾವುದಾದರೂ ಆಗಬಹುದು. 2003ರ ತಿದ್ದುಪಡಿಯ ನಂತರ ಹೆಂಡತಿ ತಾನಿರುವ ಊರಿನಲ್ಲೂ ಅರ್ಜಿ ಹಾಕಬಹುದು. ಕೊಯಮತ್ತೂರಿನಲ್ಲಿ ಗಂಡ ದಾವೆ ಹೂಡಿ, ತವರಿನಲ್ಲಿರುವ ಹೆಂಡತಿಗೆ ಓಡಾಡಲಾಗದಿದ್ದರೆ, ಕರ್ನಾಟಕಕ್ಕೆ ವರ್ಗಾಯಿಸಲು ಸುಪ್ರೀಂ ಕೋರ್ಟನ್ನು ಕೇಳಬೇಕು. ರಾಜ್ಯದಿಂದ ರಾಜ್ಯಕ್ಕೆ ದಾವೆ ವರ್ಗಾಯಿಸುವ ಅಧಿಕಾರ ಅದಕ್ಕಿದೆ. ತಮಿಳಿನಲ್ಲಿ ಬಂದ ಸಮನ್ಸ್ ಓದಲು ಬಾರದೆಂದು ಅದನ್ನು ಮೂಲೆಗಿಟ್ಟರೆ ಏಕಪಕ್ಷೀಯ ತೀರ್ಪು ಬರಬಹುದು.

ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಹಿರಿಯರು ರಾಜಿ ಮಾಡಿಸಲಿ, ಆದರೆ ಆ ಕಾಗದವನ್ನು ಕುಟುಂಬ ನ್ಯಾಯಾಲಯಕ್ಕೆ ಒಯ್ದು ಡಿಕ್ರಿ ಪಡೆದ ಮೇಲೆಯೇ ಮುಂದಿನ ಸಂಬಂಧದ ಮಾತಾಡಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.