ಎರಡಾಣೆಯ ಲೆಕ್ಕ

ದೊಡ್ಡ ಕಂಪೆನಿಗಳ ಹಜಾರದಲ್ಲಿ ಈಚೆಗೆ ಒಂದು ಸಂಪ್ರದಾಯವನ್ನು ಕಾಣುತ್ತೇವೆ. ಒಳಹೊಕ್ಕೊಡನೆ ಎದುರಿನ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಸಂಸ್ಥೆಯ ಧ್ಯೇಯಗಳು ತೂಗುತ್ತಿರುತ್ತವೆ: ಸತ್ಯ, ನಿಷ್ಠೆ, ಗ್ರಾಹಕರ ಹಿತ. ಬರೆಸಿದವರು ಸದುದ್ದೇಶದಿಂದಲೇ ಬರೆಸಿದ್ದಾರೆಂದು ನಂಬೋಣ. ಆದರೆ ಒಂದು ವ್ಯಾಪಾರ ಸಂಸ್ಥೆಯ ಧರ್ಮಬುದ್ಧಿಯನ್ನು ಅಳೆಯಬೇಕೆನ್ನುವವನು ಆ ಚೌಕಟ್ಟನ್ನು ಓದಿ ಪ್ರಯೋಜನವಿಲ್ಲ. ಸಂಸ್ಥೆಯ ಖರ್ಚಿನ ಪುಸ್ತಕವನ್ನು ತೆರೆದು ನೋಡಬೇಕು. ಕಾನೂನು ಕೇಳದೆ ಇದ್ದಾಗ, ಪಕ್ಕದ ಅಂಗಡಿಯವನು ಮಾಡದೆ ಇದ್ದಾಗ, ಯಾರ ಸಲುವಾಗಿ ಈ ಸಂಸ್ಥೆ ತನ್ನ ಕೈಯಿಂದ ಹಣ ಹಾಕಿ ಶ್ರಮಪಟ್ಟಿತು ಎಂಬುದು ಅಲ್ಲಿ ಮಾತ್ರ ತಿಳಿಯುತ್ತದೆ.

ಆಡಳಿತಶಾಸ್ತ್ರವನ್ನು ಬೋಧಿಸುವ ವಿದ್ಯಾಲಯಗಳಲ್ಲಿ ವ್ಯವಹಾರ ತಂತ್ರಕ್ಕೆ ಒಂದು ಪಾಠ, ನೀತಿಗೆ ಬೇರೊಂದು ಪಾಠ. ಮೊದಲನೆಯದು ಲಾಭಕ್ಕೆ, ಎರಡನೆಯದು ಮರ್ಯಾದೆಗೆ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದರೆ ಆಶ್ಚರ್ಯವಿಲ್ಲ. ಇವೆರಡೂ ಒಂದೇ ನಿರ್ಧಾರದ ಎರಡು ಮುಖಗಳಾಗಿದ್ದ ಸಂದರ್ಭವೊಂದು ನಮ್ಮ ಕರಾವಳಿಯಲ್ಲಿಯೇ ಉಂಟು.

1925ರ ಮಾತು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗಾಲಾಗಿದ್ದರು. ಅವರಿಗೆ ಆಧಾರವಾಗಬೇಕೆಂಬ ಉದ್ದೇಶದಿಂದ ಉಡುಪಿಯಲ್ಲಿ ಮೂವರು ಮಹನೀಯರು ಸೇರಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆಯನ್ನು ತೆರೆದರು. ಉಪೇಂದ್ರ ಅನಂತ ಪೈಗಳು ವರ್ತಕರು, ವಾಮನ ಕುಡ್ವರು ಇಂಜಿನಿಯರು, ಟಿ. ಎಂ. ಎ. ಪೈಗಳು ವೈದ್ಯರು. ಮೂಲಧನ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಿತವಾದ ಸಂಸ್ಥೆಯ ಹುಟ್ಟು ಹೀಗಾಯಿತು.

ಸಾಲ ಕೊಡಬೇಕೆಂದರೆ ಹಣ ಬೇಕಷ್ಟೆ. ಹಣವಂತರ ಠೇವಣಿಯನ್ನು ಆಕರ್ಷಿಸುವುದು ಎಲ್ಲ ಬ್ಯಾಂಕುಗಳೂ ತುಳಿದ ರಾಜಮಾರ್ಗ. ಆದರೆ ಅಂದಂದಿನ ದುಡಿಮೆಯಲ್ಲಿ ಅಂದಂದಿನ ಗಂಜಿ ಕಾಣುವ ಜನರ ಕೈಯಲ್ಲಿಯೂ ಸಂಜೆಗೆ ಒಂದೆರಡಾಣೆ ಮಿಗುವುದುಂಟು. ಮಿಕ್ಕದ್ದು ಸಾಸಿವೆ ಡಬ್ಬಿಯನ್ನು ಸೇರುತ್ತಿತ್ತು. ಡಬ್ಬಿಯಿಂದ ಮಕ್ಕಳ ಜ್ವರಕ್ಕೋ ಯಜಮಾನರ ಚಪಲಕ್ಕೋ ಜಾರಿಹೋಗುತ್ತಿತ್ತು. (ಈ ಎರಡನೆಯ ಬಾಬನ್ನು ಕುರಿತು ಗೃಹಿಣಿಯರಿಗೆ ನಾನು ಹೇಳಬೇಕಾದುದೇನೂ ಇಲ್ಲ.) ಆ ಜನ ಬ್ಯಾಂಕಿನ ಮೆಟ್ಟಿಲನ್ನು ಹತ್ತುವವರಲ್ಲ. ಹತ್ತಿದರೂ ಎರಡಾಣೆಯನ್ನು ಮುಂದೊಡ್ಡಿದರೆ ಗುಮಾಸ್ತನು ಕನ್ನಡಕದ ಮೇಲಿನಿಂದ ನೋಡುವ ನೋಟವನ್ನು ಎದುರಿಸುವ ಧೈರ್ಯ ಯಾರಿಗಿದೆ?

1928ರಲ್ಲಿ ಉಡುಪಿಯ ಬ್ಯಾಂಕು ಈ ಲೆಕ್ಕವನ್ನು ತಿರುವುಹಾಕಿತು. ಬಡವನು ಬ್ಯಾಂಕಿಗೆ ಬರುವುದಿಲ್ಲವಾದರೆ ಬ್ಯಾಂಕೇ ಬಡವನ ಬಾಗಿಲಿಗೆ ಹೋಗತಕ್ಕದ್ದು. ಪ್ರತಿನಿಧಿಯೊಬ್ಬನು ದಿನವೂ ಮನೆಮನೆಗೆ, ಅಂಗಡಿಅಂಗಡಿಗೆ ನಡೆದುಹೋಗಿ, ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಪಡೆದು ಲೆಕ್ಕಕ್ಕೆ ಸೇರಿಸುವುದು. ಇದೇ ‘ಪಿಗ್ಮಿ’ ಠೇವಣಿ. ಪುಟ್ಟದು, ಗಿಡ್ಡದು ಎಂಬ ಅರ್ಥದ ಆ ಇಂಗ್ಲಿಷ್ ಪದ ಕರಾವಳಿಯ ಬಾಯಲ್ಲಿ ಅಚ್ಚಕನ್ನಡವೇ ಆಗಿಹೋಯಿತು.

ಕಾಗದದ ಮೇಲೆ ಇದು ಹುಚ್ಚು ಸಾಹಸ. ದಿನಕ್ಕೆ ಎರಡಾಣೆಯಂತೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ಒಂದು ದಿನವೂ ತಪ್ಪದೆ ಕಟ್ಟಿದರೆ ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಇಷ್ಟಕ್ಕಾಗಿ ಒಬ್ಬನು ಒಂದು ಬಾಗಿಲಿಗೆ ಮುನ್ನೂರ ಅರವತ್ತೈದು ಸಲ ನಡೆಯಬೇಕು, ಅಷ್ಟೇ ಸಲ ಬರೆಯಬೇಕು, ಕೂಡಬೇಕು, ತಾಳೆ ನೋಡಬೇಕು. ಅದೇ ಹಣವನ್ನು ಒಬ್ಬ ಧನಿಕನು ಒಂದೇ ಚೀಟಿಯಲ್ಲಿ ಬರೆದುಕೊಟ್ಟರೆ ಒಂದು ನಿಮಿಷದ ಕೆಲಸ. ಆದರೂ ಆ ಖರ್ಚನ್ನು ಬ್ಯಾಂಕು ಕಣ್ಣುತೆರೆದೇ ಹೊತ್ತುಕೊಂಡಿತು.

ಇದನ್ನು ಬರಿಯ ದಾನವೆಂದರೆ ತಪ್ಪಾದೀತು. ಹತ್ತು ಮಂದಿ ಧನಿಕರ ಹಣದ ಮೇಲೆ ನಿಂತ ಬ್ಯಾಂಕು ಅವರಲ್ಲಿ ಇಬ್ಬರು ಮುನಿದರೆ ನಡುಗುತ್ತದೆ. ಹತ್ತು ಸಾವಿರ ಮಂದಿಯ ಎರಡಾಣೆಗಳ ಮೇಲೆ ನಿಂತದ್ದು ಹಾಗೆ ಅಲುಗುವುದಿಲ್ಲ. ಅಲ್ಲದೆ ದಿನವೂ ಬೀದಿ ಸುತ್ತುವ ಪ್ರತಿನಿಧಿಗೆ ಯಾರ ಅಂಗಡಿಯಲ್ಲಿ ವ್ಯಾಪಾರ ಏರುತ್ತಿದೆ, ಯಾರು ಮಾತಿಗೆ ತಪ್ಪುವವರಲ್ಲ ಎಂಬುದು ತಾನಾಗಿಯೇ ತಿಳಿದಿರುತ್ತದೆ. ಆಸ್ತಿಪತ್ರವಿಲ್ಲದ ಮನುಷ್ಯನಿಗೆ ಸಾಲ ಕೊಡಹೊರಟವರಿಗೆ ಈ ತಿಳಿವಳಿಕೆಗಿಂತ ಹೆಚ್ಚಿನ ಜಾಮೀನು ಯಾವುದು? ಜನರಿಗೆ ಹಿತವಾದುದೇ ಸಂಸ್ಥೆಗೆ ಬಲವಾಗಿ ಪರಿಣಮಿಸಿತು. ಕೇವಲ ಲಾಭವನ್ನು ಮುಂದಿಟ್ಟು ಲೆಕ್ಕ ಹಾಕಿದ್ದರೆ ಈ ಲಾಭ ಕಣ್ಣಿಗೆ ಬೀಳುತ್ತಿರಲಿಲ್ಲವೆಂಬುದೇ ಇಲ್ಲಿಯ ಸ್ವಾರಸ್ಯ.

ಈ ಹೊಣೆ ಎಷ್ಟು ಭಾರವಾದುದೆಂಬುದನ್ನು ಅರಿಯಲು ಆ ಕಾಲವನ್ನು ನೆನೆಯಬೇಕು. 1928ರಲ್ಲಿ ರಿಸರ್ವ್ ಬ್ಯಾಂಕು ಇರಲಿಲ್ಲ. ಅದು ಬಂದದ್ದು 1935ರಲ್ಲಿ. ಬ್ಯಾಂಕುಗಳ ಮೇಲೆ ಅಂಕುಶವಿಡುವ ಪ್ರತ್ಯೇಕ ಕಾಯಿದೆ 1949ರದು. ಬ್ಯಾಂಕು ಮುಳುಗಿದರೆ ಠೇವಣಿದಾರನ ಗತಿಯೇನೆಂದು ಕೇಳುವವರೇ ಇರಲಿಲ್ಲ. ಮುಳುಗಿದ ಬ್ಯಾಂಕುಗಳಿಗೇನೂ ಕೊರತೆಯಿಲ್ಲ: 1938ರಲ್ಲಿ ತಿರುವಾಂಕೂರು ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು, 1960ರಲ್ಲಿ ಪಾಲಾಯಿ ಸೆಂಟ್ರಲ್ ಬ್ಯಾಂಕು. ಈ ಎರಡನೆಯ ಆಘಾತದ ಅನಂತರವೇ ಸರ್ಕಾರ ಎಚ್ಚೆತ್ತು, 1962ರ ಜನವರಿಯಿಂದ ಠೇವಣಿಗೆ ವಿಮೆ ಒದಗಿಸಿತು; ಅದೂ ಒಬ್ಬೊಬ್ಬರಿಗೆ 1,500 ರೂಪಾಯಿಯ ಮಿತಿಗೆ. ಪಿಗ್ಮಿ ಆರಂಭವಾದ ಮೇಲಿನ ಮೂವತ್ತಮೂರು ವರ್ಷಗಳ ಕಾಲ ಮೀನು ಮಾರುವಾಕೆಯ ಎರಡಾಣೆಗೆ ಇದ್ದ ಕಾವಲು, ಬ್ಯಾಂಕನ್ನು ನಡೆಸುವವರ ಎಚ್ಚರ ಮತ್ತು ಮಾನ ಇವೆರಡೇ. ಬಡವರ ಹಣವನ್ನು ಸಂಗ್ರಹಿಸುವುದು ಜಾಣತನ. ಸಂಗ್ರಹಿಸಿದ ಮೇಲೆ ಅದನ್ನು ಜೂಜಿನಂಥ ಸಾಹಸಗಳಲ್ಲಿ ತೊಡಗಿಸದೆ ಇರುವುದು ಬೇರೆಯೇ ಒಂದು ಗುಣ. ಅದು ಯಾವ ಜಾಹೀರಾತಿನಲ್ಲಿಯೂ ಕಾಣಿಸುವುದಿಲ್ಲ.

ಇಷ್ಟು ಹೇಳಿ ಮುಗಿಸಿದರೆ ಈ ಕಥೆಯ ಒಂದು ಪಾತ್ರಕ್ಕೆ ಅನ್ಯಾಯವಾದೀತು. ದಿನವೂ ನಡೆದವನು ಪ್ರತಿನಿಧಿ. ಅವನಿಗೆ ಸಂಬಳವಿರಲಿಲ್ಲ, ಕೂಡಿಸಿದ ಹಣದ ಮೇಲೆ ಕಮಿಷನ್ ಮಾತ್ರ. ಮಳೆ ಸುರಿದು ಬೀದಿ ಹೊಳೆಯಾದ ದಿನ, ಕಾಯಿಲೆಯಿಂದ ಮಲಗಿದ ದಿನ, ಅವನಿಗೆ ಆದಾಯವಿಲ್ಲ. 1969ರ ಜುಲೈ 19ರಂದು ಬ್ಯಾಂಕು ರಾಷ್ಟ್ರೀಕರಣಗೊಂಡು ಒಳಗಿನ ಗುಮಾಸ್ತ ಸರ್ಕಾರಿ ಸಂಸ್ಥೆಯ ನೌಕರನಾದ. ಹೊರಗೆ ನಡೆಯುತ್ತಿದ್ದವನ ಸ್ಥಿತಿ ಮಾತ್ರ ಇದ್ದಂತೆಯೇ ಉಳಿಯಿತು. ಈ ರೀತಿಯ ಠೇವಣಿಯನ್ನು ಇತರ ಬ್ಯಾಂಕುಗಳೂ ಬೇರೆ ಬೇರೆ ಹೆಸರುಗಳಿಂದ ಅನುಸರಿಸಿದಾಗ ಈ ಪದ್ಧತಿಯೂ ಅದರ ಜೊತೆಗೇ ಹರಡಿತು. ವ್ಯಾಜ್ಯ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಲಿಗೆ ಹೋಗಿ, 1988ರಲ್ಲಿ ಅಲ್ಲಿ ತೀರ್ಪಾಗಿ, ಕಡೆಗೆ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಈ ಸಂಗ್ರಾಹಕರು ಕಾರ್ಮಿಕರೇ, ಅವರು ಪಡೆಯುವ ಕಮಿಷನ್ ವೇತನವೇ ಎಂದು 2001ರ ಫೆಬ್ರವರಿಯಲ್ಲಿ ಆ ನ್ಯಾಯಾಲಯ ಸಾರಿತು. ಬ್ಯಾಂಕುಗಳು ಹಾಗಲ್ಲವೆಂದು ಕೊನೆಯವರೆಗೂ ವಾದಿಸಿದ್ದವು. ಎರಡಾಣೆಯ ಠೇವಣಿದಾರನಿಗೆ ತೋರಿದ ಗೌರವವನ್ನು ಅದನ್ನು ಹೊತ್ತುತಂದವನಿಗೂ ತೋರಲು ನ್ಯಾಯಾಲಯದ ಆಜ್ಞೆ ಬೇಕಾಯಿತೆಂಬುದು ನನ್ನ ಮಟ್ಟಿಗೆ ಈ ಉಜ್ಜ್ವಲ ಚರಿತ್ರೆಯ ಕಪ್ಪು ಚುಕ್ಕೆ. ಖರ್ಚಿನ ಪುಸ್ತಕವನ್ನು ತೆರೆದು ನೋಡಬೇಕೆಂದು ಮೊದಲೇ ಹೇಳಿದೆನಷ್ಟೆ. ಆ ಪುಸ್ತಕದಲ್ಲಿ ಬರೆಯದೆ ಬಿಟ್ಟ ಸಾಲುಗಳನ್ನೂ ಓದಬೇಕಾಗುತ್ತದೆ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಆ ಹೆಸರಿನ ಫಲಕಗಳು ಇಳಿದವು. ಪಿಗ್ಮಿ ಎಂಬ ಮಾತು ಇಳಿಯಲಿಲ್ಲ. ನಮ್ಮ ಪೇಟೆಬೀದಿಗಳಲ್ಲಿ ಎಷ್ಟೋ ಪತ್ತಿನ ಸಹಕಾರ ಸಂಘಗಳು ಅದೇ ಹೆಸರಿನಿಂದ ಅಂಗಡಿಅಂಗಡಿಗೆ ಜನರನ್ನು ಅಟ್ಟಿ ಹಣ ಕೂಡಿಸುತ್ತಿವೆ. ಸಂಗ್ರಾಹಕನ ಕೈಯಲ್ಲಿ ಈಗ ಚೀಟಿ ಮುದ್ರಿಸುವ ಪುಟ್ಟ ಯಂತ್ರ. ಹಲವು ಸಂಘಗಳು ಪ್ರಾಮಾಣಿಕವಾಗಿ ನಡೆಯುತ್ತಿವೆ. ಆದರೆ ವಾಚಕರು ಒಂದು ವಿಷಯವನ್ನು ಗಮನಿಸಬೇಕು. 2020ರ ಫೆಬ್ರವರಿಯಲ್ಲಿ 5 ಲಕ್ಷ ರೂಪಾಯಿಗೆ ಏರಿದ ಠೇವಣಿ ವಿಮೆಯು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿದಂತೆ, ಅನ್ವಯಿಸುತ್ತದೆ. ಪತ್ತಿನ ಸಹಕಾರ ಸಂಘಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿ ಹಣವಿಟ್ಟವರು ಆ ಮಟ್ಟಿಗೆ 1928ರ ಠೇವಣಿದಾರನ ಜಾಗದಲ್ಲಿಯೇ ನಿಂತಿದ್ದಾರೆ. ಅದರ ನಿರ್ದೇಶಕರು ಆ ಮೂವರು ಮಹನೀಯರ ಜಾಗದಲ್ಲಿ. ಚೀಟಿಯನ್ನು ಆ ಕ್ಷಣದಲ್ಲಿಯೇ ಪಡೆದುಕೊಳ್ಳಿ, ತಿಂಗಳಿಗೊಮ್ಮೆ ಕಚೇರಿಗೆ ಹೋಗಿ ಪಾಸುಪುಸ್ತಕದೊಡನೆ ತಾಳೆ ನೋಡಿ. ಸದಸ್ಯರಾಗಿರುವವರು ವಾರ್ಷಿಕ ಮಹಾಸಭೆಗೆ ಬರಿಯ ಊಟಕ್ಕಾಗಿ ಹೋಗದೆ, ಲೆಕ್ಕಪರಿಶೋಧಕರ ವರದಿಯನ್ನು ಕೈಗೆ ತೆಗೆದುಕೊಂಡು, ಸಂಘದ ಸಾಲ ಯಾರು ಯಾರಿಗೆ ಹೋಗಿದೆ, ಅದರಲ್ಲಿ ನಿರ್ದೇಶಕರ ನಂಟರೆಷ್ಟು ಎಂದು ನಿಂತು ಕೇಳಿ.